ತೊಂಬತ್ತೊಂದನೆಯ ದಿನ ಏನು ಮಾಡುತ್ತೀರಿ?

ಜಿಮ್ ಟ್ರೈನರ್‌ಗಳಿಗೆ, ಡಯಟ್ ಕೋಚ್‌ಗಳಿಗೆ, ಬೆಳಿಗ್ಗೆ ಆರಕ್ಕೇ ಶೇಕ್ ಕ್ಲಬ್ಬಿನ ಬಾಗಿಲು ತೆಗೆಯುವವರಿಗೆ, ವಾಟ್ಸಾಪ್ ಗುಂಪುಗಳಲ್ಲಿ ‘ಚಾಲೆಂಜ್’ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮೆಲ್ಲರ ಬೋರ್ಡಿನಲ್ಲೂ ಎರಡೇ ಫೋಟೊ ಇರುತ್ತವೆ. ಎಡಗಡೆ ಹೊಟ್ಟೆ ಬಿಟ್ಟುಕೊಂಡು ಮುಖ ಗಂಟಿಕ್ಕಿ ನಿಂತ ಮನುಷ್ಯ. ಬಲಗಡೆ ಅದೇ ಮನುಷ್ಯ ಹೊಸ ಟೀ ಶರ್ಟಿನಲ್ಲಿ, ಸೊಂಟದ ಮೇಲೆ ಕೈ. ಕೆಳಗೆ ದಪ್ಪ ಅಕ್ಷರದಲ್ಲಿ ‘90 ದಿನದಲ್ಲಿ 14 ಕೆ.ಜಿ.’ ಎರಡೂ ನಿಜವಾದ ಫೋಟೊಗಳೇ ಅಂದುಕೊಳ್ಳೋಣ. ನನ್ನ ತಕರಾರು ಅವುಗಳ ಮೇಲಲ್ಲ. ಅದೇ ಮನುಷ್ಯನನ್ನು ಮೂರು ವರ್ಷ ಬಿಟ್ಟು ಅದೇ ಗೋಡೆಗೆ ನಿಲ್ಲಿಸಿ ತೆಗೆದ ಮೂರನೆಯ ಫೋಟೊ ಎಲ್ಲೂ ಕಾಣುವುದಿಲ್ಲವಲ್ಲ, ಅದರ ಬಗ್ಗೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ನಿಮ್ಮ ಕೈಯಲ್ಲಿ ಮೈ ಇಳಿಸಿಕೊಂಡವರು ನಮ್ಮ ಬೀದಿಯಲ್ಲಿದ್ದಾರೆ, ನೆಂಟರಲ್ಲಿದ್ದಾರೆ, ಹಳೆಯ ವಿದ್ಯಾರ್ಥಿಗಳಲ್ಲಿದ್ದಾರೆ. ಇಳಿದಾಗ ಊರಿಗೆಲ್ಲ ಹೇಳುತ್ತಾರೆ. ಏರಿದಾಗ ಮದುವೆಮನೆಯ ಫೋಟೊದಲ್ಲಿ ಹಿಂದಿನ ಸಾಲು ಹುಡುಕುತ್ತಾರೆ. ಯಾಕೆ ಹೀಗಾಯಿತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ನನ್ನದೇ ತಪ್ಪು ಮೇಡಂ, ಬಾಯಿ ಕಟ್ಟೋಕೆ ಆಗಲಿಲ್ಲ.’ ನಿಮ್ಮನ್ನು ಬೈಯುವವರನ್ನು ನಾನು ಕಂಡಿಲ್ಲ. ಕೊಂಡ ಮಿಕ್ಸಿ ಆರು ತಿಂಗಳಿಗೆ ಕೆಟ್ಟರೆ ಗಿರಾಕಿ ಅಂಗಡಿಗೆ ಬಂದು ಜಗಳ ಆಡುತ್ತಾನೆ. ನಿಮ್ಮ ಗಿರಾಕಿ ತಲೆ ತಗ್ಗಿಸಿಕೊಂಡು ಬಂದು, ಇನ್ನೊಮ್ಮೆ ದುಡ್ಡು ಕಟ್ಟುತ್ತಾನೆ. ಈ ನಾಚಿಕೆ ಇರುವವರೆಗೆ ನಿಮ್ಮ ವ್ಯಾಪಾರಕ್ಕೆ ಕೊರತೆಯಿಲ್ಲ. ಆ ನಾಚಿಕೆಗೆ ಆಧಾರವೇ ಇಲ್ಲ ಎಂದು ಹೇಳುವುದಕ್ಕೆ ಈ ಪತ್ರ.

ಹಳೆಯ ಒಂದು ಪ್ರಯೋಗದಿಂದ ಶುರು ಮಾಡುತ್ತೇನೆ. ಟ್ರೈನಿಂಗ್ ಸರ್ಟಿಫಿಕೇಟ್ ಕೋರ್ಸುಗಳಲ್ಲಿ ಇದನ್ನು ಮೊದಲ ವಾರವೇ ಹೇಳಿಕೊಡಬೇಕಿತ್ತು. 1944ರ ನವೆಂಬರ್. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಯುರೋಪಿನಲ್ಲಿ ಜನ ಹಸಿದಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಹೇಗೆ ಉಣಬಡಿಸಿ ಚೇತರಿಸಬೇಕು ಎಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ ಒಂದು ಪ್ರಯೋಗ ಹೂಡಿದ. ಮನಸ್ಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲೊಲ್ಲೆವು ಎಂದಿದ್ದ ಯುವಕರು ಸ್ವಯಂಸೇವಕರಾಗಿ ಮುಂದೆ ಬಂದರು. ದೇಹ, ಮನಸ್ಸು ಎರಡೂ ಗಟ್ಟಿಯಿದ್ದ 36 ಮಂದಿಯನ್ನು ಆರಿಸಿ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದ ಅಡಿಯ ಕೋಣೆಗಳಲ್ಲಿ ಇರಿಸಿದರು. ಮೊದಲ ಮೂರು ತಿಂಗಳು ಹೊಟ್ಟೆ ತುಂಬ ಊಟ. ಆಮೇಲೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ: ಆಲೂಗೆಡ್ಡೆ, ಟರ್ನಿಪ್ ಜಾತಿಯ ಗೆಡ್ಡೆಗಳು, ಬ್ರೆಡ್ಡು, ಮ್ಯಾಕರೋನಿ. ವಾರಕ್ಕೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರು ನಡೆಯಲೇಬೇಕು.

ಇಲ್ಲಿ ಒಂದು ಕ್ಷಣ ನಿಲ್ಲಿ. ಚರಿತ್ರೆಯಲ್ಲಿ ‘ಉಪವಾಸದ ಪ್ರಯೋಗ’ ಎಂದೇ ಹೆಸರಾದದ್ದರ ಪಡಿ 1,570. ನೀವು ಹೆಂಗಸರಿಗೆ ಬರೆದುಕೊಡುವ ಚಾರ್ಟು ಸಾಮಾನ್ಯವಾಗಿ 1,200. ಆ ಯುವಕರು ಎತ್ತರದವರು, ಗಂಡಸರು, ಅವರ ಖರ್ಚು ಹೆಚ್ಚು, ಒಪ್ಪಿದೆ. ಆದರೂ ಆ ಎರಡು ಅಂಕಿಗಳನ್ನು ಒಮ್ಮೆ ಅಕ್ಕಪಕ್ಕ ಬರೆದು ನೋಡಿ.

ಅವರ ಮೈತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ತೂಕಕ್ಕಿಂತ ಮುಖ್ಯವಾದದ್ದು ಉಳಿದ ಬದಲಾವಣೆಗಳು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲೂ ಕೋಟು ಹಾಕಿಕೊಂಡು ನಡುಗುತ್ತಿದ್ದರು. ನಗು, ಹರಟೆ, ಹುಡುಗಿಯರ ಮೇಲಿನ ಆಸೆ ಎಲ್ಲ ಹೋಯಿತು. ತಟ್ಟೆ ನೆಕ್ಕುತ್ತಿದ್ದರು. ಕಾಫಿ ಕುಡಿದು ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರಿಂದ ಒಬ್ಬರಿಗೆ ದಿನಕ್ಕೆ ಒಂಬತ್ತು ಕಪ್ಪು ಎಂದು ಮಿತಿ ಹಾಕಬೇಕಾಯಿತು. ಅಡುಗೆ ಮನೆಯ ಕಡೆ ತಲೆಯೇ ಹಾಕದಿದ್ದ ಹುಡುಗರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿಕೊಂಡು ರಾತ್ರಿ ಓದುತ್ತಿದ್ದರು. ಡಯಟ್ ಮಾಡುವ ನಿಮ್ಮ ಗಿರಾಕಿ ನಡುರಾತ್ರಿ ಮೊಬೈಲಿನಲ್ಲಿ ಬಿರಿಯಾನಿ ವಿಡಿಯೊ ನೋಡುತ್ತಾಳಲ್ಲ, ಅದೂ ಇದೇ. ಇನ್ನು ಮೆಟಬಾಲಿಸಂ ವಿಚಾರ. ಸುಮ್ಮನೆ ಮಲಗಿದ್ದಾಗಲೂ ಉಸಿರು, ಎದೆಬಡಿತ, ಮೈಬಿಸಿ, ಮೆದುಳು, ಯಕೃತ್ತು ಇವುಗಳಿಗಾಗಿ ದೇಹ ಖರ್ಚು ಮಾಡುವ ಶಕ್ತಿ, ನೀವು ಬಿ.ಎಂ.ಆರ್. ಎನ್ನುವುದು, ಸುಮಾರು ಶೇ 40ರಷ್ಟು ಕುಸಿದಿತ್ತು. ದೇಹ ಚಿಕ್ಕದಾದ್ದರಿಂದ ಕುಸಿದದ್ದು ಅದರಲ್ಲಿ ಒಂದು ಪಾಲು. ಉಳಿದದ್ದಕ್ಕೆ ದೇಹ ಚಿಕ್ಕದಾದದ್ದು ಕಾರಣವಲ್ಲ; ಉಳಿದುಕೊಂಡ ಅಂಗಾಂಗಗಳೇ ಮೊದಲಿಗಿಂತ ಕಡಿಮೆ ಉರಿಸತೊಡಗಿದ್ದವು.

ಮತ್ತೆ ಊಟ ಕೊಟ್ಟಾಗ ಏನಾಯಿತು ಎಂಬುದು ನಮಗೆ ಬೇಕಾದ ಭಾಗ. ಕಟ್ಟುಪಾಡು ಸಡಿಲಿಸಿದ ಮೇಲೆ ಕೆಲವರು ದಿನಕ್ಕೆ ಐದು ಸಾವಿರ ಕ್ಯಾಲೊರಿಗೂ ಮೀರಿ ತಿಂದರು. ಹೊಟ್ಟೆ ಬಿರಿಯುವಂತಿದ್ದರೂ ಹಸಿವು ಹೋಗಿಲ್ಲ ಎಂದರು. ಕೊಬ್ಬು ಬೇಗ ಮರಳಿತು, ಸ್ನಾಯು ನಿಧಾನವಾಗಿ. ಅಬ್ದುಲ್ ದುಲ್ಲೂ ಎಂಬ ವಿಜ್ಞಾನಿ ಕೀಸ್‌ನ ಅದೇ ಲೆಕ್ಕದ ಹಾಳೆಗಳನ್ನು 1990ರ ದಶಕದಲ್ಲಿ ಮತ್ತೆ ಬಿಡಿಸಿ ನೋಡಿದ. ಕಳೆದುಕೊಂಡ ಸ್ನಾಯು ಪೂರ್ತಿ ಮರಳುವವರೆಗೂ ಹಸಿವು ಅತಿಯಾಗಿಯೇ ಇರುತ್ತದೆ, ಅಷ್ಟರಲ್ಲಿ ಕೊಬ್ಬು ಮೊದಲಿದ್ದ ಮಟ್ಟವನ್ನು ದಾಟಿಬಿಟ್ಟಿರುತ್ತದೆ ಎಂಬುದು ಅವನಿಗೆ ಕಂಡದ್ದು.

ಆ 36 ಜನ ಬೊಜ್ಜಿನವರಲ್ಲ, ತೆಳ್ಳಗಿದ್ದವರು. ಬಾಯಿಚಪಲದವರೂ ಅಲ್ಲ. ಜೈಲು, ಅವಮಾನ ಎಲ್ಲಕ್ಕೂ ಸಿದ್ಧರಾಗಿ ಸರ್ಕಾರಕ್ಕೇ ‘ಇಲ್ಲ’ ಎಂದವರು. ಮನಸ್ಸಿನ ಬಿಗಿಯಲ್ಲಿ ಅವರನ್ನು ಮೀರಿಸುವವರು ಯಾವ ಜಿಮ್ಮಿನಲ್ಲಿದ್ದಾರೆ?

‘ಅದು ಯುದ್ಧಕಾಲದ ಮಾತು, ನಾವು ಚೆನ್ನಾಗಿ ಎಕ್ಸರ್‌ಸೈಸ್ ಮಾಡಿಸಿ ಇಳಿಸುತ್ತೇವೆ’ ಎನ್ನಬಹುದು. ಹಾಗಾದರೆ ನಿಮ್ಮದೇ ಕಸುಬಿನ ಉದಾಹರಣೆ ತೆಗೆದುಕೊಳ್ಳಿ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಟೀವಿ ಸ್ಪರ್ಧೆಯಲ್ಲಿ ಟ್ರೈನರ್‌ಗಳು ಬೈದು, ಬೆವರಿಳಿಸಿ, ಕಣ್ಣೀರು ಹಾಕಿಸಿ ತೂಕ ಇಳಿಸುತ್ತಿದ್ದರು. 2009ರ ಸರಣಿಯ 14 ಸ್ಪರ್ಧಿಗಳನ್ನು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷದ ಬಳಿಕ ಮತ್ತೆ ಕರೆಸಿ ಅಳೆದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಸ್ಪರ್ಧೆಯ 30 ವಾರಗಳಲ್ಲಿ ತಲಾ ಸರಾಸರಿ 58 ಕೆ.ಜಿ. ಇಳಿದಿತ್ತು. ಆರು ವರ್ಷದಲ್ಲಿ ಅದರಲ್ಲಿ 41 ಕೆ.ಜಿ. ಮರಳಿತ್ತು. ಸ್ಪರ್ಧೆಗೆ ಮೊದಲು ಅವರ ದೇಹ ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 2,600 ಕ್ಯಾಲೊರಿ ಉರಿಸುತ್ತಿತ್ತು; ಸ್ಪರ್ಧೆ ಮುಗಿದಾಗ ಸುಮಾರು 2,000; ತೂಕದ ಬಹುಪಾಲು ಹಿಂದಿರುಗಿದ ಮೇಲೂ ಅದು ಮೇಲೇಳಲಿಲ್ಲ, 1,900ಕ್ಕೆ ಇಳಿದಿತ್ತು. ಅದೇ ಗಾತ್ರದ, ಅದೇ ವಯಸ್ಸಿನ ಬೇರೆಯವರಲ್ಲಿ ಇರಬೇಕಾದದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿ ಕಡಿಮೆ. ಹತ್ತಿರ ಹತ್ತಿರ ಒಂದು ಹೊತ್ತಿನ ಊಟ. ಪಕ್ಕದವನು ಮೂರು ಹೊತ್ತು ಉಂಡು ತೂಕ ಕಾಪಾಡಿಕೊಂಡರೆ, ಇವರು ಎರಡು ಹೊತ್ತು ಉಂಡು ಕಾಪಾಡಿಕೊಳ್ಳಬೇಕು.

ಪತ್ರಿಕೆಗಳು ಈ ಸುದ್ದಿಯನ್ನು ‘ಡಯಟ್ ಮಾಡಿದರೆ ಮೆಟಬಾಲಿಸಂ ಹಾಳು’ ಎಂದು ಬರೆದು ಮುಗಿಸಿದವು. ಅಷ್ಟು ಸರಳವಲ್ಲ, ಹಾಗೆ ಬರೆದು ನಾನೂ ಮುಗಿಸಲಾರೆ. ಆ 14 ಜನರಲ್ಲಿ ಹೆಚ್ಚು ತೂಕ ಮರಳಿ ಬಂದವರೇ ಹೆಚ್ಚು ನಿಧಾನವಾದ ಮೆಟಬಾಲಿಸಂ ಉಳ್ಳವರಾಗಿರಲಿಲ್ಲ. ಇಳಿದ ತೂಕವನ್ನು ಚೆನ್ನಾಗಿ ಹಿಡಿದುಕೊಂಡವರಲ್ಲೇ ನಿಧಾನ ಹೆಚ್ಚಿತ್ತು. ತೂಕ ಇಳಿದು, ಒಂದು ಕಡೆ ನಿಂತು, ಕೆಲವು ವಾರ ಕಳೆದ ಮೇಲೆ ಅಳೆದ ಬೇರೆ ಅಧ್ಯಯನಗಳಲ್ಲಿ ಈ ಅಂತರ ಕೆಲವು ಹತ್ತಾರು ಕ್ಯಾಲೊರಿಗಳಷ್ಟೇ. ಅಂದರೆ ಮೆಟಬಾಲಿಸಂ ಕುಗ್ಗುವುದು ನಿಜ, ಎಷ್ಟು ಆತುರದಿಂದ, ಎಷ್ಟು ಕಟುವಾಗಿ ಇಳಿಸಿದಿರಿ ಎಂಬುದರ ಮೇಲೆ ಅದರ ಪ್ರಮಾಣ ಬದಲಾಗುವಂತೆ ಕಾಣುತ್ತದೆ. ಆದರೆ ತೂಕ ಮರಳುವುದಕ್ಕೆ ಅದೊಂದೇ ಕಾರಣವಲ್ಲ, ದೊಡ್ಡ ಕಾರಣವೂ ಅಲ್ಲ.

ದೊಡ್ಡ ಕಾರಣ ಹಸಿವು.

ನಮ್ಮ ಕೊಬ್ಬಿನ ಕೋಶಗಳು ಸುಮ್ಮನೆ ಕೂತ ಎಣ್ಣೆಯ ಡಬ್ಬಗಳಲ್ಲ. ಅವು ಲೆಪ್ಟಿನ್ ಎಂಬ ಹಾರ್ಮೋನನ್ನು ಸುರಿಸಿ, ದಾಸ್ತಾನು ಎಷ್ಟಿದೆ ಎಂದು ಮೆದುಳಿಗೆ ವರದಿ ಒಪ್ಪಿಸುತ್ತಲೇ ಇರುತ್ತವೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಇದನ್ನು 1994ರಲ್ಲಿ ಪತ್ತೆ ಮಾಡಿತು. ಹೊಟ್ಟೆಯಲ್ಲಿ ಹುಟ್ಟಿ ಹಸಿವೆಬ್ಬಿಸುವ ಘ್ರೆಲಿನ್ 1999ರಲ್ಲಿ ಜಪಾನಿನಲ್ಲಿ ಸಿಕ್ಕಿತು. ಡಯಟ್ ಮಾಡಿದಾಗ ಲೆಪ್ಟಿನ್ ಬೀಳುತ್ತದೆ, ಘ್ರೆಲಿನ್ ಏರುತ್ತದೆ. ಆ ಟೀವಿ ಸ್ಪರ್ಧಿಗಳಲ್ಲಿ ಲೆಪ್ಟಿನ್ 41ರಿಂದ 2.6ಕ್ಕೆ ಇಳಿದಿತ್ತು. ಮೆದುಳಿನ ಲೆಕ್ಕದಲ್ಲಿ ಅವರು ಬರಗಾಲದಲ್ಲಿದ್ದರು, ಸ್ಟುಡಿಯೊದ ಚಪ್ಪಾಳೆ ಅದಕ್ಕೆ ಕೇಳಿಸದು.

ಇದು ನಾಲ್ಕು ದಿನದ ಕಾಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ಕೊನೆಯವರೆಗೆ ಉಳಿದವರಲ್ಲಿ ಸರಾಸರಿ ಹದಿಮೂರೂವರೆ ಕೆ.ಜಿ. ಇಳಿಸಿದರು. ಒಂದು ವರ್ಷ ಬಿಟ್ಟು ರಕ್ತ ಪರೀಕ್ಷಿಸಿದರೆ ಹಸಿವಿನ ಹಾರ್ಮೋನುಗಳು ಇನ್ನೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವಿದು. ನಿಮ್ಮ ಪ್ಯಾಕೇಜು ಮೂರು ತಿಂಗಳದು. ಗಿರಾಕಿಯ ಹಸಿವಿನ ಪ್ಯಾಕೇಜು ಒಂದು ವರ್ಷಕ್ಕೂ ಮೀರಿದ್ದು.

ಈ ಹಸಿವನ್ನು ಅಂಕಿಯಲ್ಲಿ ಹಿಡಿಯುವುದು ಕಷ್ಟ, ಯಾಕೆಂದರೆ ಡಯಟ್ ಮಾಡುವವರು ತಾವು ತಿಂದದ್ದನ್ನು ಕಡಿಮೆ ಬರೆಯುತ್ತಾರೆ (ನಾವೆಲ್ಲ ಹಾಗೇ). ಹಾಲ್ ಮತ್ತು ಸಹೋದ್ಯೋಗಿಗಳು ಇದಕ್ಕೊಂದು ಜಾಣ ದಾರಿ ಹುಡುಕಿದರು. ಕ್ಯಾನಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ದಿನಕ್ಕೆ ಸುಮಾರು 360 ಕ್ಯಾಲೊರಿ ಹೀಗೆ ಸೋರಿಹೋಗುತ್ತದೆ, ನುಂಗಿದವರಿಗೆ ಅದರ ಅರಿವೇ ಇರುವುದಿಲ್ಲ. ಅವರು ಡಯಟ್ ಮಾಡುತ್ತಿಲ್ಲ, ಬಾಯಿ ಕಟ್ಟಿಲ್ಲ. ಆದರೂ ಒಂದಷ್ಟು ಇಳಿದ ಮೇಲೆ ತೂಕ ನಿಂತುಬಿಡುತ್ತದೆ. ಅಂದರೆ ಗೊತ್ತಿಲ್ಲದೆಯೇ ಅಷ್ಟು ಹೆಚ್ಚು ತಿನ್ನುತ್ತಿದ್ದಾರೆ. ಒಂದು ವರ್ಷ ನಡೆದ ಈ ಔಷಧ ಪ್ರಯೋಗದ ಅಂಕಿಗಳಿಂದ ಅವರು ತೆಗೆದ ಲೆಕ್ಕ: ಇಳಿದ ಪ್ರತಿ ಒಂದು ಕೆ.ಜಿ.ಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ಕುಗ್ಗುತ್ತದೆ, ಹಸಿವು ದಿನಕ್ಕೆ 100 ಕ್ಯಾಲೊರಿಯಷ್ಟು ಏರುತ್ತದೆ.

ಈಗ ನಿಮ್ಮ ಬೋರ್ಡಿನ ಹೀರೋಗೆ ಇದನ್ನು ಅನ್ವಯಿಸಿ. ಹತ್ತು ಕೆ.ಜಿ. ಎಂದೇ ಇಟ್ಟುಕೊಳ್ಳಿ. ಅವನ ದೇಹ ದಿನಕ್ಕೆ 250 ಕ್ಯಾಲೊರಿ ಉಳಿಸಿಕೊಳ್ಳುತ್ತಿದೆ, ಮೊದಲಿಗಿಂತ 1,000 ಕ್ಯಾಲೊರಿ ಹೆಚ್ಚು ಕೇಳುತ್ತಿದೆ. ತೊಂಬತ್ತು ದಿನ ನೀವಿದ್ದಿರಿ, ಗುಂಪಿತ್ತು, ಕಟ್ಟಿದ ದುಡ್ಡಿನ ಹೆದರಿಕೆಯಿತ್ತು, ತೂಕ ಇಳಿಯುವ ಖುಷಿಯಿತ್ತು. ತೊಂಬತ್ತೊಂದನೆಯ ದಿನ ಗುಂಪು ಚದುರಿತು. ತೂಕ ಇಳಿಯುವುದು ನಿಂತಿತು, ಖುಷಿಯೂ ನಿಂತಿತು. ಹಸಿವು ಮಾತ್ರ ಹಾಗೇ ಇದೆ, ಅವನೊಬ್ಬನೇ ಅದರ ಎದುರಿಗೆ. ಹಬ್ಬ ಬಂತು, ತಂಗಿ ಹೋಳಿಗೆ ಬಡಿಸಿದಳು. ಅವನು ಸೋತದ್ದು ಹೋಳಿಗೆಗೆ ಎಂದು ನೀವು ಹೇಳುತ್ತೀರಿ, ಅವನೂ ನಂಬುತ್ತಾನೆ.

ಕೊಬ್ಬಿನ ಕೋಶಗಳ ಕಥೆ ಇನ್ನೊಂದು ಇದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಳೆದವರಲ್ಲಿ ತೂಕ ಇಳಿದರೆ ಕೊಬ್ಬಿನ ಕೋಶಗಳು ಸಣ್ಣಗಾಗುತ್ತವೆ, ಅವುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ ಎಂದು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. 2024ರಲ್ಲಿ ಜೂರಿಕ್‌ನವರು, ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸಿಕೊಂಡು ಎರಡು ವರ್ಷವಾದವರ ಕೊಬ್ಬಿನಲ್ಲೂ ಬೊಜ್ಜಿನ ದಿನಗಳ ಗುರುತು ಅಳಿಯದೆ ಉಳಿದಿರುವುದನ್ನು ಕಂಡರು. ಖಾಲಿಯಾದ ಕೋಶಗಳು ಕಾಯುತ್ತಲೇ ಇರುತ್ತವೆ.

ನೀವು ಹೇಳುವ ಕೆಲವು ಮಾತುಗಳ ಬಗ್ಗೆ ಈಗ. ಎಲ್ಲರೂ ಹೇಳುತ್ತೀರಿ ಎನ್ನುತ್ತಿಲ್ಲ. ಆದರೆ ಪಾರ್ಕಿನ ಬೆಂಚಿನಲ್ಲಿ ಕೂತರೆ ಇವೆಲ್ಲ ಕಿವಿಗೆ ಬೀಳುತ್ತವೆ.

‘ಮೊದಲ ವಾರದಲ್ಲೇ ಮೂರು ಕೆ.ಜಿ. ಹೋಯ್ತು.’ ಹೋದದ್ದು ಬಹುಪಾಲು ನೀರು. ಅನ್ನ, ಮುದ್ದೆ, ಚಪಾತಿ ನಿಲ್ಲಿಸಿದಾಗ ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗುತ್ತದೆ. ಅದರ ಒಂದು ಗ್ರಾಮಿಗೆ ಅಂಟಿಕೊಂಡ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಒಂದು ಮದುವೆ ಊಟ ಮಾಡಿ ಬಂದರೆ ಅದೇ ನೀರು ಮರಳಿ ಮರುದಿನ ತಕ್ಕಡಿ ಎರಡು ಕೆ.ಜಿ. ಹೆಚ್ಚು ತೋರಿಸುತ್ತದೆ. ಆ ದಿನ ಎಷ್ಟು ಜನ ‘ಎಲ್ಲ ಹೋಯ್ತು, ಇನ್ನೇನು’ ಎಂದು ಕೈಬಿಡುತ್ತಾರೆ ಗೊತ್ತೇ? ಹೋಗುವಾಗ ಅದನ್ನು ಕೊಬ್ಬು ಎಂದು ಫೋಟೊ ಹಾಕಿದಿರಿ. ಬರುವಾಗ ಅದು ಕೊಬ್ಬಲ್ಲ ಎಂದು ಹೇಳಲು ನಿಮಗೆ ಬಾಯಿ ಬರುವುದಿಲ್ಲ.

‘ಮೂವತ್ತು ದಾಟಿತಲ್ಲ, ಮೆಟಬಾಲಿಸಂ ಸ್ಲೋ ಆಗಿದೆ.’ 2021ರಲ್ಲಿ ಹರ್ಮನ್ ಪಾಂಟ್ಜರ್ ಮೊದಲಾದವರು 29 ದೇಶಗಳ 6,400ಕ್ಕೂ ಹೆಚ್ಚು ಜನರ, ಎಂಟು ದಿನದ ಕೂಸಿನಿಂದ 95ರ ವೃದ್ಧರವರೆಗಿನ ಅಳತೆಗಳನ್ನು ಒಟ್ಟು ಸೇರಿಸಿ ನೋಡಿದರು. ದೇಹದ ಗಾತ್ರ ಲೆಕ್ಕ ಹಿಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಖರ್ಚು ಒಂದೇ ಸಮ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲದಲ್ಲೂ ಥಟ್ಟನೆ ಬೀಳುವುದಿಲ್ಲ. ಇಳಿಮುಖ ಶುರುವಾಗುವುದು ಅರವತ್ತರ ನಂತರ, ವರ್ಷಕ್ಕೆ ಶೇ 0.7ರಷ್ಟು. ನಲವತ್ತರಲ್ಲಿ ಬಂದ ಹೊಟ್ಟೆಗೆ ಕಾರಣ ಬೇರೆ ಕಡೆ ಹುಡುಕಬೇಕು: ಕುರ್ಚಿ, ನಿದ್ದೆಗೇಡು, ಸಂಜೆಯ ಬೋಂಡಾ.

‘ಒಂದು ಕೆ.ಜಿ. ಮಸಲ್ ಹೆಚ್ಚಿಸಿಕೊಳ್ಳಿ, ಮಲಗಿದ್ದಾಗಲೂ ನೂರು ಕ್ಯಾಲೊರಿ ಬರ್ನ್ ಆಗುತ್ತೆ.’ ಒಂದು ಕೆ.ಜಿ. ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಉರಿಸುವುದು ಸುಮಾರು 13 ಕ್ಯಾಲೊರಿ. ಕೂತಲ್ಲೇ ಹೆಚ್ಚು ಉರಿಸುವವು ಯಕೃತ್ತು, ಮೆದುಳು, ಹೃದಯ, ಮೂತ್ರಪಿಂಡಗಳು. ಅವಕ್ಕೆ ಯಾವ ಜಿಮ್ಮೂ ಡಂಬೆಲ್ ಕೊಡಲಾರದು. ಸ್ನಾಯು ಬೇಕೇ ಬೇಕು, ಆದರೆ ಈ ಲೆಕ್ಕಕ್ಕಲ್ಲ. ಜೀರಿಗೆ ನೀರು, ಗ್ರೀನ್ ಟೀಗಳ ವಿಷಯ ಎತ್ತುವುದೇ ಬೇಡ.

ಸ್ನಾಯು ಯಾಕೆ ಬೇಕು ಎಂದರೆ, ನಮ್ಮವರಲ್ಲಿ ಅದು ಮೊದಲೇ ಕಡಿಮೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರೂ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೊ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿ.ಎಂ.ಐ. ಒಂದೇ, 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಫೋಟೊ ಹಾಕುವುದಾದರೆ ಅಂಥದ್ದು ಹಾಕಬೇಕು. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಭಾರತೀಯರಿಗೆ ಬೊಜ್ಜಿನ ಗಡಿಯನ್ನು ಬಿ.ಎಂ.ಐ. 25ಕ್ಕೇ ಇಳಿಸಿರುವುದು ಇದಕ್ಕೇ. ಇಂಥ ಮೈಗೆ ಸೌತೆಕಾಯಿ, ಪಪ್ಪಾಯ, ಎರಡು ಲೋಟ ಶೇಕು ಕೊಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಮುಟ್ಟು ನಿಂತ ಹೆಂಗಸರ ಮೇಲೆ ನಡೆದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಒಂದು ಕೆ.ಜಿ. ಕೊಬ್ಬು ಹೋದಾಗ ಅದರ ಜೊತೆ 260 ಗ್ರಾಂ ಕೊಬ್ಬಲ್ಲದ ಭಾಗವೂ ಹೋಗಿತ್ತು. ಒಂದು ಕೆ.ಜಿ. ಕೊಬ್ಬು ಮರಳಿದಾಗ ಅದರ ಜೊತೆ ಬಂದದ್ದು 120 ಗ್ರಾಂ ಮಾತ್ರ. ತಕ್ಕಡಿ ಹಳೆಯ ಅಂಕಿಯನ್ನೇ ತೋರಿಸುತ್ತಿದ್ದರೂ ಅದರ ಮೇಲೆ ನಿಂತಿರುವುದು ಹಳೆಯ ದೇಹವಲ್ಲ. ಐವತ್ತೈದರ ಹೆಂಗಸು ನಿಮ್ಮಲ್ಲಿ ಮೂರು ಸಲ ಇಳಿಸಿ, ಮೂರು ಸಲ ಏರಿಸಿಕೊಂಡರೆ ಮೆಟ್ಟಿಲು ಹತ್ತುವ ಶಕ್ತಿ ಎಲ್ಲಿ ಉಳಿದೀತು? ಆದರೂ ಜಿಮ್ಮಿಗೆ ಬಂದ ಹೆಂಗಸರನ್ನು ಟ್ರೆಡ್‌ಮಿಲ್ ಕಡೆಗೂ, ಗಂಡಸರನ್ನು ಡಂಬೆಲ್ ಕಡೆಗೂ ಕಳಿಸುವ ನಿಮ್ಮ ಪದ್ಧತಿ ಬದಲಾಗಿಲ್ಲ. ಅವರಿಗೆ ಭಾರ ಎತ್ತಿಸಿ. ಚಾರ್ಟಿನಲ್ಲಿ ಹುರುಳಿ, ಹೆಸರುಕಾಳು, ಮೊಸರು, ಮೊಟ್ಟೆ, ತಿನ್ನುವವರಿಗೆ ಮೀನು, ಇವನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ಅಂದ ಹಾಗೆ, ‘ನಿಮ್ಮ ವಯಸ್ಸು 42, ಬಾಡಿ ಏಜ್ 58’ ಎಂದು ಚೀಟಿ ಕೊಡುವ ಆ ಮಷಿನ್ನು. ಅದು ಮೈಯೊಳಗೆ ಸಣ್ಣ ಕರೆಂಟು ಹರಿಸಿ, ತಡೆ ಅಳೆದು, ಸೂತ್ರದಿಂದ ಊಹಿಸುತ್ತದೆ. ಎರಡು ಲೋಟ ನೀರು ಕುಡಿದಿದ್ದರೆ, ಬೆವರಿದ್ದರೆ ಅಂಕಿ ಬದಲಾಗುತ್ತದೆ. ಅದನ್ನಿಟ್ಟುಕೊಂಡು ಜನರನ್ನು ಹೆದರಿಸುವುದು ನನಗೆ ಸರಿಕಾಣುವುದಿಲ್ಲ.

ಇತ್ತೀಚೆಗೆ ನಿಮಗೂ ಒಬ್ಬ ಪ್ರತಿಸ್ಪರ್ಧಿ ಬಂದಿದ್ದಾನೆ. 2025ರಲ್ಲಿ ಟಿರ್ಜೆಪಟೈಡ್, ಅದರ ಬೆನ್ನಿಗೇ ತೂಕಕ್ಕೆಂದು ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಇಳಿದವು. ‘ಇಂಜೆಕ್ಷನ್ ಬಿಟ್ಟರೆ ತೂಕ ವಾಪಸ್ ಬರುತ್ತೆ, ನಮ್ಮದು ನ್ಯಾಚುರಲ್’ ಎಂದು ನೀವು ಗಿರಾಕಿಗಳಿಗೆ ಹೇಳುವುದೂ ಶುರುವಾಗಿದೆ. ಮೊದಲ ಅರ್ಧ ನಿಜ: ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೆಯ ಎರಡು ಪಾಲು ಮರಳಿತು. ಆದರೆ ಆ ಮದ್ದು ಮಾಡುವುದು ಮುಖ್ಯವಾಗಿ ಹಸಿವನ್ನು ತಣ್ಣಗಾಗಿಸುವುದನ್ನು. ಮದ್ದು ನಿಂತಿತು, ಹಸಿವು ಎದ್ದಿತು, ತೂಕ ಬಂತು. ನಿಮ್ಮ ಪ್ಯಾಕೇಜು ನಿಂತಾಗ ಆಗುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಬಿ.ಪಿ. ಮಾತ್ರೆ ನಿಲ್ಲಿಸಿ ಬಿ.ಪಿ. ಏರಿದರೆ ರೋಗಿಗೆ ಮನೋಬಲ ಇಲ್ಲ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಆ ನ್ಯಾಯ ತೂಕಕ್ಕೆ ಮಾತ್ರ ಯಾಕಿಲ್ಲ?

ಹಾಗಾದರೆ ಇಳಿಸಿ ಉಳಿಸಿಕೊಂಡವರೇ ಇಲ್ಲವೇ? ಇದ್ದಾರೆ. ಅಮೆರಿಕದಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ಅಂಥವರದೇ ಒಂದು ದಾಖಲೆ ಪುಸ್ತಕ ತೆರೆದರು. ಹದಿಮೂರೂವರೆ ಕೆ.ಜಿ.ಗಿಂತ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡಿರಬೇಕು, ಅದು ಷರತ್ತು. ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಹೆಸರು ಬರೆಸಿದ್ದಾರೆ. ಗೆದ್ದವರನ್ನೇ ಆರಿಸಿ ಮಾಡಿದ ಪಟ್ಟಿ, ಆದ್ದರಿಂದ ಅದನ್ನು ಎಲ್ಲರಿಗೂ ಅನ್ವಯಿಸಲು ಹೋಗಬಾರದು. ಆದರೂ ಒಂದು ವಿಷಯ ಎದ್ದು ಕಾಣುತ್ತದೆ. ಅವರು ತೂಕ ಇಳಿಸಿದ ದಾರಿಗಳು ಒಂದೊಂದು ಥರ. ಉಳಿಸಿಕೊಂಡ ದಾರಿ ಹೆಚ್ಚುಕಮ್ಮಿ ಒಂದೇ. ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆ ಅಥವಾ ಅದಕ್ಕೆ ಸಮನಾದ ಚಟುವಟಿಕೆ, ಆಗಾಗ ತೂಕ ನೋಡಿಕೊಳ್ಳುವುದು, ಭಾನುವಾರಕ್ಕೂ ಸೋಮವಾರಕ್ಕೂ ಊಟದಲ್ಲಿ ಅಂಥ ವ್ಯತ್ಯಾಸ ಇಲ್ಲದಿರುವುದು. ಟೀವಿ ಸ್ಪರ್ಧಿಗಳಲ್ಲೂ ಆರು ವರ್ಷದ ಬಳಿಕ ಚೆನ್ನಾಗಿ ಉಳಿಸಿಕೊಂಡವರು ದೈಹಿಕ ಚಟುವಟಿಕೆಯನ್ನು ಹೆಚ್ಚಿಸಿಕೊಂಡವರೇ.

ಇದು ನಿಮಗೆ ಒಳ್ಳೆಯ ಸುದ್ದಿ. ತೂಕ ಇಳಿಸುವುದರಲ್ಲಿ ವ್ಯಾಯಾಮದ ಕೈ ಸಣ್ಣದು, ಬಹುಪಾಲು ಊಟದ್ದೇ. ಇಳಿದ ತೂಕವನ್ನು ಹಿಡಿದಿಡುವುದರಲ್ಲಿ ವ್ಯಾಯಾಮದ ಕೈ ದೊಡ್ಡದು. ನಿಮ್ಮ ಕಸುಬಿನ ನಿಜವಾದ ಬೆಲೆ ಇರುವುದು ತೊಂಬತ್ತು ದಿನದ ನಂತರ. ಅದನ್ನೇ ನೀವು ಮಾರುತ್ತಿಲ್ಲ.

ಹಾಗಾಗಿ ಕೆಲವು ಮಾತು ಕೇಳಿಕೊಳ್ಳುತ್ತೇನೆ. ಮೊದಲು, ಗುಂಪಿನಲ್ಲಿ ಎಲ್ಲರೆದುರು ತೂಕ ನೋಡಿ ಓದಿ ಹೇಳುವುದನ್ನು, ಏರಿದವರ ಹೆಸರು ವಾಟ್ಸಾಪಿನಲ್ಲಿ ಹಾಕುವುದನ್ನು ಬಿಟ್ಟುಬಿಡಿ. ‘ಏನು ಅಕ್ಕ, ಕದ್ದು ಸ್ವೀಟ್ ತಿಂದ್ರಾ?’ ಎಂದು ನಗಿಸುವ ಟ್ರೈನರ್‌ಗೆ ತಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಆ ಅಕ್ಕ ಮರುದಿನದಿಂದ ಬರುವುದಿಲ್ಲ. ಶುಲ್ಕವನ್ನು ಬೇರೆ ರೀತಿ ಹಂಚಿ: ಇಳಿಸುವ ಮೂರು ತಿಂಗಳಿಗೆ ಒಂದು ಪಾಲು, ಆಮೇಲಿನ ಒಂದು ವರ್ಷಕ್ಕೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಂದು ಹೋಗುವಂತೆ ಇನ್ನೊಂದು ಪಾಲು. ಮೂರು ಕೆ.ಜಿ. ಏರಿದಾಗಲೇ ಫೋನು ಮಾಡಿ ಕರೆಯಿರಿ, ಹದಿಮೂರು ಏರುವವರೆಗೆ ಕಾಯಬೇಡಿ. ಮೊದಲ ದಿನವೇ ಕೂರಿಸಿ ಹೇಳಿ: ಹಸಿವು ಹೆಚ್ಚುತ್ತದೆ, ತಿಂಗಳುಗಟ್ಟಲೆ ಇರುತ್ತದೆ, ಅದು ನಿಮ್ಮ ದೌರ್ಬಲ್ಯವಲ್ಲ. ಗೊತ್ತಿದ್ದು ಎದುರಿಸುವ ಹಸಿವೇ ಬೇರೆ, ತನ್ನ ಗುಣದೋಷ ಅಂದುಕೊಂಡು ಎದುರಿಸುವ ಹಸಿವೇ ಬೇರೆ.

ಗುರಿಯನ್ನೂ ಸ್ವಲ್ಪ ತಗ್ಗಿಸಿ. ಎಲ್ಲರೂ ಹದಿನಾಲ್ಕು ಕೆ.ಜಿ. ಇಳಿಸಬೇಕಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ, ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಗೋಡೆಯ ಮೇಲಿರಬೇಕು. ಊಟದಲ್ಲಿ ಮಿತ ಬದಲಾವಣೆ, ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ. ಸುಮಾರು ಎರಡೂವರೆ ವರ್ಷದಲ್ಲಿ ಮಧುಮೇಹಕ್ಕೆ ಜಾರುವ ಸಂಭವ ಶೇ 28.5ರಷ್ಟು ಕಡಿಮೆಯಾಗಿತ್ತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ನಿಮ್ಮ ಬೋರ್ಡಿನ ಲೆಕ್ಕದಲ್ಲಿ ಅವರೆಲ್ಲ ಫೇಲು. ಅವರ ಮೇದೋಜೀರಕ ಗ್ರಂಥಿಯ ಲೆಕ್ಕ ಬೇರೆ.

ಈ ಪತ್ರ ಓದಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರಬಹುದು, ‘ಈಯಮ್ಮನಿಗೆ ಬಾಡಿಗೆ, ಇಎಂಐ ಕಷ್ಟ ಏನು ಗೊತ್ತು’ ಎಂದು. ಗೊತ್ತಿದೆ. ಟ್ರೆಡ್‌ಮಿಲ್ಲಿಗೆ ಸಾಲ ಮಾಡಿ ಮೂರೇ ವರ್ಷದಲ್ಲಿ ಜಿಮ್ಮು ಮುಚ್ಚಿದ ಹುಡುಗರೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿದ್ದಾರೆ. ಜನವರಿಯಲ್ಲಿ ಸೇರಿ ಮಾರ್ಚಿಗೆ ಕಾಣೆಯಾಗುವ ನೂರು ಮಂದಿಗಿಂತ ವರ್ಷವಿಡೀ ಬರುವ ಮೂವತ್ತು ಮಂದಿ ನಿಮ್ಮ ಬಾಡಿಗೆಗೂ ಮೇಲು ಎಂದು ನನ್ನ ಎಣಿಕೆ.

ಇಂತಿ,
ನಿಮ್ಮ ಊರಿನ ಒಬ್ಬ ನಿವೃತ್ತ ಉಪನ್ಯಾಸಕಿ

ತಾ.ಕ.: ಒಂದು ವಿಷಯ ಮಾತ್ರ ನಾಳೆಯಿಂದಲೇ ಆಗಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ಥಟ್ಟನೆ ಕಡಿತ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಬೀಳಬಹುದು, ಬಿ.ಪಿ. ಮಾತ್ರೆಯವರಿಗೆ ತಲೆ ಸುತ್ತು ಬರಬಹುದು. ಸೇರಿಸಿಕೊಳ್ಳುವ ಫಾರಂನಲ್ಲಿ ಮಾತ್ರೆಗಳ ಹೆಸರು ಬರೆಸಿಕೊಳ್ಳಿ. ಚಾರ್ಟು ಕೊಡುವ ಮುನ್ನ ಅವರ ಡಾಕ್ಟರಿಂದ ಡೋಸ್ ತಿದ್ದಿಸಿಕೊಂಡು ಬರಲು ಹೇಳಿ. ಬರದಿದ್ದರೆ ಚಾರ್ಟು ಕೊಡಬೇಡಿ, ದುಡ್ಡು ಕಟ್ಟಿದ್ದರೂ ಸರಿ.